ತುಂಬಿದ ಬೈಟು ತುಳುಕಿದಾಗ

ಸಿ ಭಾಷೆ ಕಲಿಯುವ ವಿದ್ಯಾರ್ಥಿಗಳನ್ನು ವೈವಾ ಪರೀಕ್ಷೆಯಲ್ಲೂ ಕೆಲಸದ ಸಂದರ್ಶನದಲ್ಲೂ ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆಯೊಂದಿದೆ. ‘ಐ’ ಎಂಬ ಚರಾಕ್ಷರದ ಬೆಲೆ 5. ಹಾಗಾದರೆ ‘++ಐ + ++ಐ’ ಎಷ್ಟು? ‘++ಐ’ ಎಂದರೆ ಐ ಬೆಲೆಗೆ ಮೊದಲು ಒಂದನ್ನು ಕೂಡಿಸು, ಆಮೇಲೆ ಅದನ್ನು ಬಳಸು ಎಂದರ್ಥ. ಒಬ್ಬ ವಿದ್ಯಾರ್ಥಿ ಎಡದಿಂದ ಬಲಕ್ಕೆ ಲೆಕ್ಕ ಹಾಕುತ್ತ ಹೋಗಿ, 6ಕ್ಕೆ 7ನ್ನು ಕೂಡಿಸಿ 13 ಎನ್ನುತ್ತಾನೆ. ಇನ್ನೊಬ್ಬಳು ಎರಡೂ ಹೆಚ್ಚಳಗಳನ್ನು ಮೊದಲೇ ಮುಗಿಸಿ, 7ಕ್ಕೆ 7ನ್ನು ಕೂಡಿಸಿ 14 ಎನ್ನುತ್ತಾಳೆ. ಕಂಪ್ಯೂಟರನ್ನೇ ಕೇಳಿದರಾಯಿತು ಎಂದರೆ, ಒಂದು ಕಂಪೈಲರ್ 13 ಎನ್ನುತ್ತದೆ, ಇನ್ನೊಂದು 14 ಎನ್ನುತ್ತದೆ!

ಯಾರ ಉತ್ತರ ಸರಿ? ಯಾರದೂ ಅಲ್ಲ. ತಪ್ಪಿರುವುದು ಪ್ರಶ್ನೆಯಲ್ಲಿ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕಟ್ಟುಪಾಡಿಲ್ಲದೆ ಒಂದೇ ಚರಾಕ್ಷರವನ್ನು ಒಂದೇ ಲೆಕ್ಕದೊಳಗೆ ಎರಡು ಸಲ ಬದಲಾಯಿಸಿದರೆ, ಅದರ ಪರಿಣಾಮಕ್ಕೆ ವ್ಯಾಖ್ಯಾನವೇ ಇಲ್ಲ ಎಂದು ಸಿ ಭಾಷೆಯ ನಿಯಮಾವಳಿ ಸಾರಿದೆ. 13 ಬಂದರೂ ನಿಯಮದ ಉಲ್ಲಂಘನೆಯಲ್ಲ, 14 ಬಂದರೂ ಅಲ್ಲ. 100 ಬಂದರೂ ದೂರು ಕೊಡುವಂತಿಲ್ಲ.

ಕಂಪ್ಯೂಟರ್ ಒಂದು ಉತ್ತರ ಕೊಟ್ಟಿತು ಎಂದ ಮಾತ್ರಕ್ಕೆ ಆ ಉತ್ತರಕ್ಕೆ ಅರ್ಥವಿದೆ ಎಂದಾಗುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ಕೇಳಲು ಸಣ್ಣದಾದ ಈ ಸಂಗತಿಯನ್ನು ಮರೆತದ್ದರಿಂದ ಹೊಸ ರಾಕೆಟ್ಟೊಂದು ನಡುಬಾನಿನಲ್ಲಿ ಸಿಡಿದದ್ದುಂಟು, ಚಿಕಿತ್ಸೆಗೆಂದು ಬಂದ ರೋಗಿ ಪ್ರಾಣ ಕಳೆದುಕೊಂಡದ್ದೂ ಉಂಟು.

ಸೊನ್ನೆ ಕಲಿಸಿದ ಪಾಠ

ಅರ್ಥವಿಲ್ಲದ ಪ್ರಶ್ನೆ ಎಂಬುದು ಗಣಿತದ ವಿದ್ಯಾರ್ಥಿಗಳಿಗೆ ಹೊಸದಲ್ಲ. 7ನ್ನು ಸೊನ್ನೆಯಿಂದ ಭಾಗಿಸಿದರೆ ಎಷ್ಟು? ಭಾರತದ ಮಹಾ ಗಣಿತಜ್ಞರೇ ಈ ಬಗೆಯ ಪ್ರಶ್ನೆಯ ಮುಂದೆ ತಡವರಿಸಿದ್ದಾರೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತರು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೇ ಬರುತ್ತದೆ ಎಂದರು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದರು. ಹನ್ನೆರಡನೆಯ ಶತಮಾನದ ಎರಡನೆಯ ಭಾಸ್ಕರಾಚಾರ್ಯರು ಅದನ್ನು ಅನಂತವೆಂದು ಬಗೆದರು.

ಇಂದಿನ ಗಣಿತ ಈ ಮೂರನ್ನೂ ಒಪ್ಪದೆ ‘ವ್ಯಾಖ್ಯಾನವಿಲ್ಲ’ ಎಂದು ಕೈಬಿಟ್ಟಿದೆ. ಕಾರಣ ಸರಳ. 7ನ್ನು ಸೊನ್ನೆಯಿಂದ ಭಾಗಿಸಿ ಬಂದ ಉತ್ತರವನ್ನು ಮತ್ತೆ ಸೊನ್ನೆಯಿಂದ ಗುಣಿಸಿದರೆ 7 ಸಿಗಬೇಕು. ಆದರೆ ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೂ ಸಿಗುವುದು ಸೊನ್ನೆಯೇ. ಆದ್ದರಿಂದ ಅಂಥ ಉತ್ತರವೇ ಇಲ್ಲ. ‘ಉತ್ತರವಿಲ್ಲ’ ಎಂದು ಹೇಳಲು ಗಣಿತಕ್ಕೆ ಸಂಕೋಚವಿಲ್ಲ.

ಯಂತ್ರಕ್ಕೆ ಈ ಸ್ವಾತಂತ್ರ್ಯವಿಲ್ಲ. ಆದೇಶ ಬಂದಮೇಲೆ ಅದು ಏನಾದರೂ ಮಾಡಲೇಬೇಕು. ಸಾಮಾನ್ಯ ಪಿ.ಸಿ.ಗಳಲ್ಲಿರುವ ಇಂಟೆಲ್ ಮಾದರಿಯ ಪ್ರೊಸೆಸರಿಗೆ ಪೂರ್ಣಾಂಕವೊಂದನ್ನು ಸೊನ್ನೆಯಿಂದ ಭಾಗಿಸಲು ಹೇಳಿದರೆ ಅದು ‘ಇದು ತಪ್ಪು’ ಎಂದು ಸೂಚನೆ ಕೊಟ್ಟು ಕೆಲಸ ನಿಲ್ಲಿಸುತ್ತದೆ. ಬಹುಪಾಲು ಮೊಬೈಲ್ ಫೋನುಗಳಲ್ಲಿರುವ ಆರ್ಮ್ ಮಾದರಿಯ ಪ್ರೊಸೆಸರ್ ಸದ್ದಿಲ್ಲದೆ ಉತ್ತರ 0 ಎಂದು ಬರೆದು ಮುಂದಕ್ಕೆ ಹೋಗುತ್ತದೆ. ಒಂದೇ ಪ್ರಶ್ನೆ, ಎರಡು ಯಂತ್ರ, ಎರಡು ನಡವಳಿಕೆ!

ಸೇರಿನಲ್ಲಿ ಹಿಡಿಯುವಷ್ಟೇ ಅಕ್ಕಿ

ಸೊನ್ನೆ ಒಂದು ತುದಿಯಾದರೆ, ಇನ್ನೊಂದು ತುದಿ ಅತಿದೊಡ್ಡ ಸಂಖ್ಯೆಯ ಕಡೆಗಿದೆ. ಗಣಿತದಲ್ಲಿ ಸಂಖ್ಯೆಗಳಿಗೆ ಕೊನೆಯಿಲ್ಲ. ಕಂಪ್ಯೂಟರಿನಲ್ಲಿ ಉಂಟು. ಅಲ್ಲಿ ಪ್ರತಿ ಸಂಖ್ಯೆಗೂ ಅಳತೆ ಗೊತ್ತುಮಾಡಿದ ಒಂದು ಪಾತ್ರೆಯಿರುತ್ತದೆ. ಸೇರಿನಲ್ಲಿ ಒಂದು ಸೇರು ಅಕ್ಕಿ ಮಾತ್ರ ಹಿಡಿಯುವಂತೆ, ಎಂಟು ಬಿಟ್‌ಗಳ ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ ಸಂಖ್ಯೆಗಳಷ್ಟೇ ಹಿಡಿಯುತ್ತವೆ. 255ಕ್ಕೆ ಒಂದು ಕೂಡಿಸಿದರೆ 256. ಅದನ್ನು ಬರೆಯಲು ಒಂಬತ್ತನೆಯ ಬಿಟ್ ಬೇಕು. ಅದಿಲ್ಲದ್ದರಿಂದ ಬೈಟಿನಲ್ಲಿ ಉಳಿಯುವುದು ಬರೀ ಸೊನ್ನೆ.

ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಐದು ಅಂಕಿಗಳ ಮೀಟರಿನಲ್ಲಿ 99999 ಆದಮೇಲೆ ಇನ್ನೊಂದು ಕಿಲೋಮೀಟರ್ ಓಡಿದರೆ ಕಾಣುವುದು 00000. ಲಕ್ಷ ಕಿಲೋಮೀಟರ್ ಸವೆದ ಗಾಡಿ ಈಗ ತಾನೇ ಅಂಗಡಿಯಿಂದ ಬಂದ ಗಾಡಿಯಂತೆ ಮುಖ ಮಾಡಿಕೊಂಡು ನಿಲ್ಲುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಮನುಷ್ಯರಿಗೆ ಸರಿ. ಕಂಪ್ಯೂಟರಿನ ಕೊಡ ತುಂಬಿದಾಗಲೇ ತುಳುಕುವುದು.

ಸಿ ಭಾಷೆಯ ಪ್ರಯೋಗಾಲಯದಲ್ಲಿ ಎಲ್ಲರೂ ಬರೆಯುವ ಫ್ಯಾಕ್ಟೋರಿಯಲ್ ಪ್ರೋಗ್ರಾಂ ಇದಕ್ಕೆ ಒಳ್ಳೆಯ ಉದಾಹರಣೆ. 1ರಿಂದ ಹಿಡಿದು ಕೊಟ್ಟ ಸಂಖ್ಯೆಯವರೆಗಿನ ಎಲ್ಲ ಸಂಖ್ಯೆಗಳ ಗುಣಲಬ್ಧವೇ ಫ್ಯಾಕ್ಟೋರಿಯಲ್. ಅನೇಕ ಕಾಲೇಜುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಟರ್ಬೊ ಸಿ ಕಂಪೈಲರಿನಲ್ಲಿ ಸಾಧಾರಣ ಪೂರ್ಣಾಂಕಕ್ಕೆ 16 ಬಿಟ್‌ಗಳ ಜಾಗ. ಅದರಲ್ಲಿ ಹಿಡಿಯುವ ಅತಿದೊಡ್ಡ ಸಂಖ್ಯೆ 32767. ಏಳರ ಫ್ಯಾಕ್ಟೋರಿಯಲ್ 5040 ಸರಿಯಾಗಿ ಬರುತ್ತದೆ. ಎಂಟರದ್ದು 40320 ಆಗಬೇಕು. ತೆರೆಯ ಮೇಲೆ ಬರುವುದು ಋಣ 25216! ಧನಸಂಖ್ಯೆಗಳನ್ನೇ ಗುಣಿಸುತ್ತ ಹೋದರೆ ಋಣಸಂಖ್ಯೆ ಹೇಗೆ ಬಂತೆಂದು ಬೆರಗಾದ ವಿದ್ಯಾರ್ಥಿ ಆಗ ಪಾತ್ರೆಯ ಅಳತೆಯತ್ತ ಗಮನ ಕೊಡುತ್ತಾನೆ.

ಈಗಿನ ಕಂಪೈಲರುಗಳಲ್ಲಿ ಸಾಮಾನ್ಯವಾಗಿ 32 ಬಿಟ್‌ಗಳ ಜಾಗವಿರುತ್ತದೆ. ಮೇಲಿನ ಎಲ್ಲೆ 2,14,74,83,647. ಹನ್ನೆರಡರ ಫ್ಯಾಕ್ಟೋರಿಯಲ್‌ವರೆಗೆ ತೊಂದರೆಯಿಲ್ಲ. ಹದಿಮೂರರದ್ದು 6,22,70,20,800 ಆಗಬೇಕು. ಸಾಮಾನ್ಯವಾಗಿ ಕಾಣಿಸುವುದು 1,93,20,53,504. ಇಲ್ಲಿರುವ ಅಪಾಯ ಟರ್ಬೊ ಸಿ ಕಾಲದ್ದಕ್ಕಿಂತ ಹೆಚ್ಚು. ಋಣಚಿಹ್ನೆ ಇಲ್ಲ, ಸಂಖ್ಯೆ ದೊಡ್ಡದಾಗಿಯೂ ಇದೆ. ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ಆದರೆ ಗಣಿತ ಬಲ್ಲ ವಿದ್ಯಾರ್ಥಿ ಕಂಪ್ಯೂಟರನ್ನು ಮುಟ್ಟದೆಯೇ ಇದನ್ನು ಹಿಡಿಯಬಹುದು. ಗುಣಿಸಿದ ಸಂಖ್ಯೆಗಳಲ್ಲಿ 5, 10 ಎರಡೂ ಇವೆ. ಜೊತೆಗೆ ಸಮಸಂಖ್ಯೆಗಳು ಬೇಕಾದಷ್ಟಿವೆ. ಆದ್ದರಿಂದ ಉತ್ತರದ ಕೊನೆಯಲ್ಲಿ ಎರಡು ಸೊನ್ನೆಗಳು ಇರಲೇಬೇಕು. ತೆರೆಯ ಮೇಲಿನ ಸಂಖ್ಯೆ 04ರಲ್ಲಿ ಮುಗಿದಿದೆ. ಕಳ್ಳ ಸಿಕ್ಕಿಬಿದ್ದ!

ಇನ್ನೂರೈವತ್ತಾರನೆಯ ಸಲ

ಪ್ರಯೋಗಾಲಯದ ತಪ್ಪಿಗೆ ಒಂದೆರಡು ಅಂಕ ಹೋದೀತು. ಎಲ್ಲ ಕಡೆ ಅಷ್ಟಕ್ಕೇ ಮುಗಿಯುವುದಿಲ್ಲ.

ಕೆನಡಾದ ಸರ್ಕಾರಿ ಸ್ವಾಮ್ಯದ ಅಣುಶಕ್ತಿ ಸಂಸ್ಥೆಯೊಂದು ತಯಾರಿಸಿದ ‘ಥೆರಾಕ್-25’ ಎಂಬುದು ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರ. ಅಮೆರಿಕ ಮತ್ತು ಕೆನಡಾದಲ್ಲಿ ಇಂಥ 11 ಯಂತ್ರಗಳನ್ನು ಸ್ಥಾಪಿಸಲಾಗಿತ್ತು. ಯಂತ್ರದೊಳಗೆ ತಿರುಗುವ ತಟ್ಟೆಯೊಂದು. ಒಂದು ಸ್ಥಾನದಲ್ಲಿ ಅದು ಎಲೆಕ್ಟ್ರಾನ್ ಚಿಕಿತ್ಸೆಗೆ ಬೇಕಾದ ಸಲಕರಣೆಯನ್ನೂ, ಇನ್ನೊಂದರಲ್ಲಿ ಎಕ್ಸ್ ಕಿರಣ ಚಿಕಿತ್ಸೆಗೆ ಬೇಕಾದ ಲೋಹದ ಗುರಿಯನ್ನೂ ಶೋಧಕವನ್ನೂ ಕಿರಣದ ದಾರಿಗೆ ತರುತ್ತಿತ್ತು. ಮೂರನೆಯ ಸ್ಥಾನದಲ್ಲಿ ಇದ್ದದ್ದು ಕೇವಲ ಒಂದು ಕನ್ನಡಿ. ರೋಗಿಯನ್ನು ಸರಿಯಾಗಿ ಮಲಗಿಸಲು ಬೆಳಕು ಬಿಟ್ಟು ನೋಡುವುದಕ್ಕಾಗಿ. ಆ ಸ್ಥಾನದಲ್ಲಿ ತಟ್ಟೆ ಇರುವಾಗ ಪ್ರಬಲ ಕಿರಣ ಹೊರಟರೆ ಅದನ್ನು ತಡೆಯುವುದು ಏನೂ ಇರಲಿಲ್ಲ. ಹಿಂದಿನ ಮಾದರಿಯಾದ ಥೆರಾಕ್-20ರಲ್ಲಿ ಇಂಥ ಅನಾಹುತ ತಪ್ಪಿಸಲು ಪ್ರತ್ಯೇಕ ಯಾಂತ್ರಿಕ ಮತ್ತು ವಿದ್ಯುತ್ ತಡೆಗಳಿದ್ದವು. ಥೆರಾಕ್-25ರಲ್ಲಿ ಆ ಹೊಣೆಯ ಹೆಚ್ಚಿನ ಪಾಲನ್ನು ಪ್ರೋಗ್ರಾಮಿಗೆ ವಹಿಸಲಾಯಿತು.

ಚಿಕಿತ್ಸೆಗೆ ಸಿದ್ಧತೆ ನಡೆಯುವಾಗ ಪ್ರೋಗ್ರಾಮಿನ ಒಂದು ಭಾಗ ನೂರಾರು ಸಲ ಸುತ್ತುತ್ತಿತ್ತು. ‘ತಟ್ಟೆಯ ಸ್ಥಾನವನ್ನು ಇನ್ನೂ ಪರೀಕ್ಷಿಸಬೇಕು’ ಎಂಬುದಕ್ಕೆ ಗುರುತಾಗಿ ಒಂದು ಬೈಟಿನ ಚರಾಕ್ಷರವನ್ನು ಇಡಲಾಗಿತ್ತು. ಅದು ಸೊನ್ನೆಯಲ್ಲದಿದ್ದರೆ ಪರೀಕ್ಷಿಸು. ಸೊನ್ನೆಯಾಗಿದ್ದರೆ ಎಲ್ಲ ಸರಿಯಿದೆ, ಮುಂದೆ ಹೋಗು. ಅದನ್ನು ಸೊನ್ನೆಯಲ್ಲದಂತೆ ಮಾಡಲು ಪ್ರೋಗ್ರಾಂ ಬರೆದವರು ಅನುಸರಿಸಿದ ಉಪಾಯವೆಂದರೆ, ಪ್ರತಿ ಸುತ್ತಿನಲ್ಲೂ ಅದಕ್ಕೆ ಒಂದು ಕೂಡಿಸುವುದು. 1, 2, 3 ಎಂದು ಬೆಳೆಯುತ್ತ 255ಕ್ಕೆ ಬಂದು, ಮುಂದಿನ ಸುತ್ತಿನಲ್ಲಿ ಅದು ಸ್ಕೂಟರಿನ ಮೀಟರಿನಂತೆ ಸೊನ್ನೆಯಾಗುತ್ತಿತ್ತು. ಆ ಒಂದು ಕ್ಷಣ ‘ಎಲ್ಲ ಸರಿಯಿದೆ’ ಎಂಬ ಸುಳ್ಳು ಸಾಕ್ಷಿ. ಪ್ರತಿ 256 ಸುತ್ತಿಗೊಮ್ಮೆ ಮಾತ್ರ ಬರುವ ಆ ಕ್ಷಣದಲ್ಲೇ ಸರಿಯಾಗಿ ಯಾರಾದರೂ ಗುಂಡಿ ಒತ್ತಬೇಕು. ಹಾಗಾಗುವ ಸಂಭವ ಎಷ್ಟು?

1987ರ ಜನವರಿಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ಹಾಗಾಯಿತು. ತಟ್ಟೆ ಕನ್ನಡಿಯ ಸ್ಥಾನದಲ್ಲಿರುವಾಗಲೇ ಪ್ರಬಲ ಕಿರಣ ರೋಗಿಯ ಮೇಲೆ ಬಿತ್ತು. ಕೊಡಬೇಕೆಂದಿದ್ದ ವಿಕಿರಣದ ಒಟ್ಟು ಪ್ರಮಾಣ 86 ರಾಡ್. ಬಿದ್ದದ್ದು 8,000ದಿಂದ 10,000 ರಾಡ್ ಎಂದು ಆಮೇಲೆ ಅಂದಾಜು ಮಾಡಲಾಯಿತು. ರೋಗಿ ಅದೇ ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡರು. 1985ರಿಂದ 1987ರ ನಡುವೆ ಈ ಮಾದರಿಯ ಯಂತ್ರಗಳಿಂದ ಅತಿ ವಿಕಿರಣದ ಆರು ಪ್ರಕರಣಗಳು ನಡೆದವು. ಎಲ್ಲಕ್ಕೂ ಈ ಬೈಟೇ ಕಾರಣವಲ್ಲ; 1986ರಲ್ಲಿ ಟೆಕ್ಸಾಸಿನಲ್ಲಿ ನಡೆದ ಎರಡು ಪ್ರಕರಣಗಳ ಹಿಂದೆ ಪ್ರೋಗ್ರಾಮಿನ ಬೇರೊಂದು ದೋಷವಿತ್ತು. ನ್ಯಾನ್ಸಿ ಲೆವೆಸನ್ ಮತ್ತು ಕ್ಲಾರ್ಕ್ ಟರ್ನರ್ ಎಂಬ ಸಂಶೋಧಕರು ಇವೆಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ 1993ರಲ್ಲಿ ವರದಿ ಪ್ರಕಟಿಸಿದರು. ಇಂದಿಗೂ ಎಂಜಿನಿಯರಿಂಗ್ ತರಗತಿಗಳಲ್ಲಿ ಅದು ಪಾಠವಾಗಿದೆ.

ದೋಷ ತಿದ್ದಲು ಮಾಡಿದ್ದೇನು? ಒಂದು ಕೂಡಿಸುತ್ತ ಹೋಗುವ ಬದಲು, ಪ್ರತಿ ಸಲವೂ ಸೊನ್ನೆಯಲ್ಲದ ಒಂದು ನಿಶ್ಚಿತ ಸಂಖ್ಯೆಯನ್ನೇ ಆ ಬೈಟಿನಲ್ಲಿ ಬರೆಯುವುದು. ಅಷ್ಟೆ! ಅಷ್ಟು ಸಣ್ಣ ಬದಲಾವಣೆಯ ಮೇಲೆ ಒಂದು ಜೀವ ನಿಂತಿತ್ತು.

ಕೂಗಿದರೂ ಕೇಳುವವರಿಲ್ಲ

ಥೆರಾಕ್ ಪ್ರಕರಣದಲ್ಲಿ ಬೈಟು ಸದ್ದಿಲ್ಲದೆ ತುಳುಕಿತು. ತುಳುಕುವಾಗ ಯಂತ್ರ ಗಟ್ಟಿಯಾಗಿ ಕೂಗಿಕೊಂಡರೆ ಅಪಾಯ ತಪ್ಪುತ್ತದೆಯೇ? ಕೂಗಿದಾಗ ಏನು ಮಾಡಬೇಕೆಂದು ಮೊದಲೇ ಯೋಚಿಸಿದ್ದರೆ ಮಾತ್ರ.

1996ರ ಜೂನ್ 4ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕುರು ಉಡಾವಣಾ ಕೇಂದ್ರದಿಂದ ಐರೋಪ್ಯ ದೇಶಗಳ ಹೊಸ ರಾಕೆಟ್ ‘ಏರಿಯಾನ್-5’ ತನ್ನ ಮೊದಲ ಹಾರಾಟಕ್ಕೆ ಹೊರಟಿತು. ಸುಮಾರು 40 ಸೆಕೆಂಡುಗಳಲ್ಲಿ, ಅಂದಾಜು 3,700 ಮೀಟರ್ ಎತ್ತರದಲ್ಲಿ ಅದು ದಾರಿ ತಪ್ಪಿ ಒಡೆದು ಸಿಡಿಯಿತು. ಅದರೊಂದಿಗೆ ‘ಕ್ಲಸ್ಟರ್’ ಯೋಜನೆಯ ನಾಲ್ಕು ವೈಜ್ಞಾನಿಕ ಉಪಗ್ರಹಗಳೂ ನಾಶವಾದವು.

ಫ್ರಾನ್ಸಿನ ಗಣಿತಜ್ಞ ಜಾಕ್ ಲೂಯಿ ಲಿಯೋನ್ಸ್ ಅವರ ನೇತೃತ್ವದ ಸಮಿತಿ ಕಾರಣವನ್ನು ಹುಡುಕಿತು. ರಾಕೆಟ್ಟಿನ ದಿಕ್ಕನ್ನು ತಿಳಿಸುವ ಉಪಕರಣದ ಪ್ರೋಗ್ರಾಂ ಹಳೆಯ ಏರಿಯಾನ್-4ರಿಂದ ಎರವಲು ಬಂದದ್ದು. ಅದರಲ್ಲಿ ಅಡ್ಡವೇಗಕ್ಕೆ ಸಂಬಂಧಿಸಿದ ಸಂಖ್ಯೆಯೊಂದನ್ನು 64 ಬಿಟ್‌ಗಳ ಪಾತ್ರೆಯಿಂದ 16 ಬಿಟ್‌ಗಳ ಪಾತ್ರೆಗೆ ಸುರಿಯಲಾಗುತ್ತಿತ್ತು. ಹಳೆಯ ರಾಕೆಟ್ಟಿನಲ್ಲಿ ಆ ಸಂಖ್ಯೆ ಎಂದೂ 32767ನ್ನು ದಾಟಿರಲಿಲ್ಲ. ಹೊಸ ರಾಕೆಟ್ಟಿನ ಅಡ್ಡವೇಗ ಆರಂಭದಲ್ಲೇ ಬಹಳ ಹೆಚ್ಚು. ಸಂಖ್ಯೆ ಎಲ್ಲೆ ಮೀರಿತು.

ಇಲ್ಲಿ ಬಳಸಿದ್ದ ಅಡಾ ಭಾಷೆ ಸಿ ಭಾಷೆಯಂತಲ್ಲ. ಸಂಖ್ಯೆ ಹಿಡಿಯಲಿಲ್ಲ ಎಂದು ಯಂತ್ರ ಒಡನೆಯೇ ತಪ್ಪು ಸಾರಿತು. ಆದರೆ ಆ ಕೂಗನ್ನು ಕೇಳಿ ತಕ್ಕ ಕ್ರಮ ಕೈಗೊಳ್ಳುವ ಸಾಲುಗಳೇ ಇರಲಿಲ್ಲ. ಇಂಥ ಏಳು ಸಂಖ್ಯೆಗಳ ಪೈಕಿ ನಾಲ್ಕಕ್ಕೆ ರಕ್ಷಣೆ ಕೊಟ್ಟು, ‘ಇವು ಎಲ್ಲೆ ಮೀರಲಾರವು’ ಎಂಬ ನಂಬಿಕೆಯಿಂದ ಮೂರನ್ನು ಹಾಗೆಯೇ ಬಿಡಲಾಗಿತ್ತು. ಉಪಕರಣ ಸ್ತಬ್ಧವಾಯಿತು. ಬದಲಿ ಉಪಕರಣವೊಂದು ಇತ್ತಲ್ಲ? ಇತ್ತು. ಅದರಲ್ಲಿಯೂ ಇದ್ದದ್ದು ಅದೇ ಪ್ರೋಗ್ರಾಂ. ಅದು 72 ಮಿಲಿಸೆಕೆಂಡ್ ಮೊದಲೇ ಅದೇ ಕಾರಣದಿಂದ ನಿಂತುಹೋಗಿತ್ತು! ಸ್ತಬ್ಧವಾಗುವ ಮುನ್ನ ಉಪಕರಣ ಕಳುಹಿಸಿದ ದೋಷಸೂಚನೆಯನ್ನು ಮುಖ್ಯ ಕಂಪ್ಯೂಟರ್ ಹಾರಾಟದ ಮಾಹಿತಿಯೆಂದೇ ಭಾವಿಸಿ, ಇಲ್ಲದ ತಪ್ಪನ್ನು ತಿದ್ದಲು ಹೊರಟು ರಾಕೆಟ್ಟನ್ನು ಪಕ್ಕಕ್ಕೆ ತಿರುಗಿಸಿತು. ಇನ್ನೂ ವಿಚಿತ್ರವೆಂದರೆ, ಈ ಲೆಕ್ಕದಿಂದ ಏರಿಯಾನ್-5ಕ್ಕೆ ನೆಲ ಬಿಟ್ಟಮೇಲೆ ಯಾವ ಉಪಯೋಗವೂ ಇರಲಿಲ್ಲ.

ದೋಷ ತಿದ್ದಿದಮೇಲೆ ಇದೇ ಮಾದರಿಯ ರಾಕೆಟ್ 2023ರವರೆಗೆ ಸೇವೆಯಲ್ಲಿತ್ತು. 2000ದಲ್ಲಿ ಇನ್ಸಾಟ್-3ಬಿ, 2018ರಲ್ಲಿ ಜಿಸ್ಯಾಟ್-11 ಸೇರಿದಂತೆ, ಹಾಸನದ ಕೇಂದ್ರದಿಂದ ನಿಯಂತ್ರಿಸುವ ಭಾರತದ ಹಲವು ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿದ್ದು ಅದೇ ಏರಿಯಾನ್-5. ಪಾಠ ಕಲಿತ ರಾಕೆಟ್ ಎನ್ನಬಹುದು.

ಭಾಷೆ ಮೌನ ವಹಿಸಿದರೆ

ಸದ್ದಿಲ್ಲದೆ ಸೊನ್ನೆಗೆ ಬರುವುದು ಒಂದು ಬಗೆ. ಕೂಗಿ ನಿಲ್ಲುವುದು ಇನ್ನೊಂದು ಬಗೆ. ಇವೆರಡರಲ್ಲೂ ಯಂತ್ರ ಏನು ಮಾಡುತ್ತದೆಂಬುದು ಮೊದಲೇ ಗೊತ್ತಿರುತ್ತದೆ. ಮೂರನೆಯ ಬಗೆ ಇವೆರಡಕ್ಕಿಂತ ಕಠಿಣ. ಅಲ್ಲಿ ಯಾರೂ ಯಾವ ಭರವಸೆಯನ್ನೂ ಕೊಟ್ಟಿರುವುದಿಲ್ಲ. ಆರಂಭದಲ್ಲಿ ಹೇಳಿದ ಸಿ ಭಾಷೆಯ ‘ವ್ಯಾಖ್ಯಾನವಿಲ್ಲದ ವರ್ತನೆ’ ಎಂದರೆ ಇದೇ.

1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಗೆ 1989ರಲ್ಲಿ ಅಧಿಕೃತ ನಿಯಮಾವಳಿ ಬಂತು. ಆಗ ಬಳಕೆಯಲ್ಲಿದ್ದ ಕಂಪ್ಯೂಟರುಗಳು ಒಂದೇ ಜಾತಿಯವಲ್ಲ. ಋಣಸಂಖ್ಯೆಯನ್ನು ಬರೆಯುವ ಕ್ರಮ ಕೂಡ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಬಹುದಿತ್ತು. ‘ತುಳುಕಿದಾಗ ಹೀಗೇ ಆಗಬೇಕು’ ಎಂದು ವಿಧಿಸಿದ್ದರೆ ಕೆಲವು ಯಂತ್ರಗಳು ಪ್ರತಿ ಕೂಡಿಕೆಗೂ ಹೆಚ್ಚುವರಿ ಕೆಲಸ ಮಾಡಬೇಕಾಗುತ್ತಿತ್ತು. ಆದ್ದರಿಂದ ನಿಯಮ ಮಾಡಿದವರು, ಚಿಹ್ನೆಯುಳ್ಳ ಪೂರ್ಣಾಂಕ ತುಳುಕಿದರೆ, ಪಟ್ಟಿಯ ಕೊನೆಯ ಮನೆಯನ್ನು ದಾಟಿ ಬರೆದರೆ, ಸೊನ್ನೆಯಿಂದ ಭಾಗಿಸಿದರೆ, ಹಾಗಾಗದಂತೆ ನೋಡಿಕೊಳ್ಳುವ ಹೊಣೆ ಬರೆಯುವವರದು ಎಂದು ಬಿಟ್ಟುಬಿಟ್ಟರು. 2023ರ ಪರಿಷ್ಕೃತ ನಿಯಮಾವಳಿ ಋಣಸಂಖ್ಯೆ ಬರೆಯಲು ಒಂದೇ ಕ್ರಮವನ್ನು ಗೊತ್ತುಮಾಡಿತು. ಆದರೂ ತುಳುಕುವಿಕೆಗೆ ವ್ಯಾಖ್ಯಾನ ಕೊಡಲಿಲ್ಲ.

ಇದರ ಪರಿಣಾಮ ಮಾತ್ರ ಅನೇಕರಿಗೆ ಅನಿರೀಕ್ಷಿತ. ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಇಂದು ಬಹಳ ಜಾಣ. ವೇಗ ಹೆಚ್ಚಿಸಲು ಬೇಡದ ಸಾಲುಗಳನ್ನು ಅದು ತೆಗೆದುಹಾಕುತ್ತದೆ. ಒಬ್ಬ ಎಚ್ಚರಿಕೆಯಿಂದ ಹೀಗೆ ಬರೆಯುತ್ತಾನೆ ಎನ್ನಿ: ‘ಕ ಎಂಬ ಸಂಖ್ಯೆಗೆ 100 ಕೂಡಿಸು, ಬಂದದ್ದು ಕಗಿಂತ ಕಡಿಮೆಯಿದ್ದರೆ ತುಳುಕಿದೆ ಎಂದರ್ಥ, ನಿಲ್ಲಿಸು.’ ಕಂಪೈಲರ್ ತರ್ಕಿಸುತ್ತದೆ: ‘ತುಳುಕದಂತೆ ನೋಡಿಕೊಳ್ಳುತ್ತೇನೆಂದು ಬರೆದವನು ಒಪ್ಪಿದ್ದಾನೆ. ತುಳುಕದಿದ್ದರೆ 100 ಕೂಡಿಸಿದ ಸಂಖ್ಯೆ ಕಡಿಮೆಯಾಗುವುದು ಸಾಧ್ಯವೇ ಇಲ್ಲ. ಆದ್ದರಿಂದ ಈ ಪರೀಕ್ಷೆ ದಂಡ.’ ಹೀಗೆಂದು ಆ ಸಾಲನ್ನೇ ಕಿತ್ತುಹಾಕುತ್ತದೆ. ಕಳ್ಳ ಬರುವುದಿಲ್ಲ ಎಂದು ಕರಾರುಪತ್ರದಲ್ಲಿ ಬರೆದಿದೆ, ಇನ್ನು ಕಾವಲುಗಾರನೇಕೆ ಎಂದು ಅವನನ್ನು ಮನೆಗೆ ಕಳುಹಿಸಿದ ಹಾಗೆ!

ಇದು ಬರೀ ಊಹೆಯಲ್ಲ. 2009ರಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಒಂದು ಭಾಗದಲ್ಲಿ ಹೀಗೇ ಆಯಿತು. ಅಲ್ಲಿ ವಿಳಾಸವೊಂದನ್ನು ಮೊದಲು ಬಳಸಿ, ಆಮೇಲೆ ‘ಈ ವಿಳಾಸ ಖಾಲಿಯೇ?’ ಎಂದು ಪರೀಕ್ಷಿಸಲಾಗಿತ್ತು. ಖಾಲಿ ವಿಳಾಸವನ್ನು ಬಳಸುವುದಕ್ಕೆ ವ್ಯಾಖ್ಯಾನವಿಲ್ಲ. ಆಗಲೇ ಬಳಸಿಯಾಗಿದೆ ಎಂದಮೇಲೆ ಅದು ಖಾಲಿಯಿರಲಾರದು ಎಂದು ಕಂಪೈಲರ್ ತೀರ್ಮಾನಿಸಿ ಪರೀಕ್ಷೆಯನ್ನು ಅಳಿಸಿತು. ಅತಿಕ್ರಮಿಗಳಿಗೆ ಬಾಗಿಲು ತೆರೆದಂತಾಯಿತು. ದೋಷವನ್ನು ಆಮೇಲೆ ಸರಿಪಡಿಸಲಾಯಿತು.

ಹಾಗಾದರೆ ಸರಿಯಾದ ಕ್ರಮ ಯಾವುದು? ಸುರಿದಮೇಲೆ ಚೆಲ್ಲಿತೇ ಎಂದು ನೋಡುವುದಲ್ಲ. ಸುರಿಯುವ ಮುನ್ನ ಪಾತ್ರೆಯಲ್ಲಿ ಜಾಗವಿದೆಯೇ ಎಂದು ನೋಡುವುದು. ‘ಮೇಲಿನ ಎಲ್ಲೆಯಿಂದ 100 ಕಳೆದರೆ ಬರುವ ಸಂಖ್ಯೆಗಿಂತ ಕ ದೊಡ್ಡದಿದೆಯೇ?’ ಎಂದು ಮೊದಲು ಕೇಳಿ, ಇಲ್ಲದಿದ್ದರೆ ಮಾತ್ರ ಕೂಡಿಸಬೇಕು. ಈ ಪ್ರಶ್ನೆಯಲ್ಲಿ ಏನೂ ತುಳುಕುವುದಿಲ್ಲ; ಆದ್ದರಿಂದ ಕಂಪೈಲರ್ ಅದನ್ನು ಅಳಿಸುವಂತಿಲ್ಲ.

ನಡುವಿನ ಪುಟ ಯಾವುದು?

ನಿಘಂಟಿನಲ್ಲಿ ಪದ ಹುಡುಕುವಾಗ ಮೊದಲ ಪುಟದಿಂದ ಮಗುಚುತ್ತ ಹೋಗುವವರಿಲ್ಲ. ನಡುವೆ ತೆರೆದು, ಪದ ಹಿಂದಿದೆಯೋ ಮುಂದಿದೆಯೋ ನೋಡಿ, ಆ ಅರ್ಧದ ನಡುವನ್ನು ಮತ್ತೆ ತೆರೆಯುತ್ತಾರೆ. ಕಂಪ್ಯೂಟರಿನಲ್ಲಿ ಇದಕ್ಕೆ ಬೈನರಿ ಹುಡುಕಾಟವೆಂದು ಹೆಸರು, ಪಿ.ಯು.ಸಿ. ಮಕ್ಕಳಿಗೂ ಪರಿಚಿತ. ನಡುವನ್ನು ಕಂಡುಹಿಡಿಯಲು ಎಲ್ಲರೂ ಮಾಡುವುದು ಒಂದೇ: ಮೊದಲ ಮತ್ತು ಕೊನೆಯ ಪುಟಸಂಖ್ಯೆಗಳನ್ನು ಕೂಡಿಸಿ ಎರಡರಿಂದ ಭಾಗಿಸುವುದು.

ಜಾನ್ ಬೆಂಟ್ಲಿ ಎಂಬ ಕಂಪ್ಯೂಟರ್ ವಿಜ್ಞಾನಿ 1986ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಈ ವಿಧಾನ ಸರಿಯೆಂದು ಸಾಧಿಸಿ ತೋರಿಸಿದ್ದರು. ಜಾವಾ ಭಾಷೆಯ ಸಿದ್ಧ ಭಂಡಾರದಲ್ಲಿಯೂ ಅದೇ ಕ್ರಮವಿತ್ತು. ಸುಮಾರು ಒಂಬತ್ತು ವರ್ಷ ಕಳೆದಮೇಲೆ, 2006ರಲ್ಲಿ, ಅದನ್ನು ಬರೆದಿದ್ದ ಜೋಶುವಾ ಬ್ಲಾಕ್ ಅವರೇ ಅದರಲ್ಲಿ ದೋಷವಿದೆಯೆಂದು ಲೋಕಕ್ಕೆ ತಿಳಿಸಿದರು. ಪಟ್ಟಿ ಸುಮಾರು 107 ಕೋಟಿ ನಮೂದುಗಳನ್ನು ಮೀರಿದರೆ, ನಡುವಿನ ಸಂಖ್ಯೆ 32 ಬಿಟ್‌ಗಳಲ್ಲಿ ಹಿಡಿಯುವಂಥದ್ದೇ ಆಗಿದ್ದರೂ, ಮೊದಲು ಬರುವ ಮೊತ್ತ ಹಿಡಿಯದೆ ತುಳುಕಿ ಋಣಸಂಖ್ಯೆಯಾಗುತ್ತದೆ. ಬೆಂಟ್ಲಿಯವರ ಗಣಿತ ತಪ್ಪಾಗಿರಲಿಲ್ಲ; ಗಣಿತದ ಸಂಖ್ಯೆಗೆ ಎಲ್ಲೆಯಿಲ್ಲ, ಯಂತ್ರದ ಸಂಖ್ಯೆಗೆ ಇದೆ ಎಂಬುದು ಮಾತ್ರ ಮರೆತುಹೋಗಿತ್ತು.

ಪರಿಹಾರವನ್ನು ಏಳನೆಯ ತರಗತಿಯ ಮಗುವೂ ಹೇಳಬಲ್ಲದು. ಕೊನೆಯದರಿಂದ ಮೊದಲನೆಯದನ್ನು ಕಳೆದು, ಅದರ ಅರ್ಧವನ್ನು ಮೊದಲನೆಯದಕ್ಕೆ ಕೂಡಿಸಿದರಾಯಿತು. 40 ಮತ್ತು 60ರ ನಡುವೆ: 20ರ ಅರ್ಧ 10, 40ಕ್ಕೆ 10 ಸೇರಿಸಿದರೆ 50. ಎಲ್ಲಿಯೂ 100 ಎಂಬ ದೊಡ್ಡ ಮೊತ್ತ ಬರಲೇ ಇಲ್ಲ.

ಅಂಚನ್ನು ಮುಟ್ಟಿ ನೋಡುವ ಅಭ್ಯಾಸ

ಈ ಎಲ್ಲ ಪ್ರಕರಣಗಳಲ್ಲೂ ಪ್ರೋಗ್ರಾಂ ಬಹುಕಾಲ ಚೆನ್ನಾಗಿಯೇ ನಡೆದಿತ್ತು. ‘ನಿನ್ನೆಯವರೆಗೆ ಸರಿಯಾಗಿತ್ತಲ್ಲ’ ಎಂಬುದು ಸಾಕ್ಷಿಯಾಗುವುದಿಲ್ಲ. ನಿನ್ನೆಯವರೆಗೆ ಬಂದ ಸಂಖ್ಯೆಗಳು ನಡುವಿನವು. ತಪ್ಪು ಕುಳಿತಿರುವುದು ಅಂಚಿನಲ್ಲಿ. ಗದ್ದೆಯ ನಡುವೆ ನಿಂತು ಬದು ಗಟ್ಟಿಯಿದೆ ಎಂದರೆ ಆಗುವುದಿಲ್ಲ. ಬದುವಿನ ಮೇಲೆ ನಡೆದೇ ನೋಡಬೇಕು.

ಪೈಥಾನ್ ಕಲಿಯುವ ಮಕ್ಕಳು ‘ನಮಗೆ ಈ ಕಾಟವಿಲ್ಲ’ ಎನ್ನಬಹುದು. ನಿಜ, ಪೈಥಾನಿನ ಪೂರ್ಣಾಂಕ ಅಗತ್ಯವಿದ್ದಷ್ಟು ಜಾಗ ಪಡೆದುಕೊಂಡು ಬೆಳೆಯುತ್ತದೆ. ಆದರೆ ಸಾಮಾನ್ಯವಾಗಿ ಬಳಸುವ ಪೈಥಾನನ್ನು ಬರೆದಿರುವುದೇ ಸಿ ಭಾಷೆಯಲ್ಲಿ. ಯಾರೋ ಕೆಳಗೆ ಅಂಚುಗಳನ್ನು ಕಾಯುತ್ತಿರುವುದರಿಂದ ಮೇಲಿರುವವರು ನಿಶ್ಚಿಂತರು. ಖಾಲಿ ಪಟ್ಟಿ, ಸೊನ್ನೆಯಿಂದ ಭಾಗಾಕಾರ, ಫೆಬ್ರವರಿ 29 ಮುಂತಾದ ಅಂಚುಗಳು ಯಾವ ಭಾಷೆಯನ್ನೂ ಬಿಟ್ಟಿಲ್ಲ.

ಪೋಷಕರಿಗೆ ಕಂಪ್ಯೂಟರ್ ತಿಳಿಯದಿದ್ದರೂ ಚಿಂತೆಯಿಲ್ಲ. ಮಗ ಅಥವಾ ಮಗಳು ‘ಪ್ರಾಜೆಕ್ಟ್ ಮುಗಿಯಿತು’ ಎಂದಾಗ ನಾಲ್ಕು ಪ್ರಶ್ನೆ ಕೇಳಬಹುದು. ಏನೂ ಕೊಡದಿದ್ದರೆ ಏನಾಗುತ್ತದೆ? ಸೊನ್ನೆ ಕೊಟ್ಟರೆ? ಅತಿದೊಡ್ಡದನ್ನು ಕೊಟ್ಟರೆ? ಅದಕ್ಕಿಂತ ಒಂದು ಹೆಚ್ಚು ಕೊಟ್ಟರೆ? ಉತ್ತರ ‘ಗೊತ್ತಿಲ್ಲ’ ಎಂದಾದರೆ ಕೆಲಸ ಇನ್ನೂ ಮುಗಿದಿಲ್ಲ. ಹಾಗೆಯೇ, ವೈವಾದಲ್ಲಿ ‘++ಐ + ++ಐ’ ಎಷ್ಟೆಂದು ಕೇಳಿದಾಗ ‘ಸಾರ್, ಇದಕ್ಕೆ ಸಿ ಭಾಷೆಯಲ್ಲಿ ವ್ಯಾಖ್ಯಾನವಿಲ್ಲ’ ಎಂದು ಧೈರ್ಯವಾಗಿ ಹೇಳುವ ವಿದ್ಯಾರ್ಥಿಗೆ ಪೂರ್ಣ ಅಂಕ ಸಲ್ಲಬೇಕು. ಹಾಗೆ ಹೇಳಿದ್ದಕ್ಕೆ ಗದರಿಸಿದರೆ, ಉತ್ತರವಿಲ್ಲದ ಕಡೆಯೂ ಏನಾದರೊಂದು ಉತ್ತರ ಬರೆಯುವುದೇ ಜಾಣತನವೆಂದು ಮಕ್ಕಳಿಗೆ ಕಲಿಸಿದಂತಾಗುತ್ತದೆ.

ಕೊನೆಯದಾಗಿ ಒಂದು ಮನೆಲೆಕ್ಕ. ಅನೇಕ ಹಳೆಯ ಕಂಪ್ಯೂಟರ್ ವ್ಯವಸ್ಥೆಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸುತ್ತ ಕಾಲವನ್ನು ಲೆಕ್ಕವಿಡುತ್ತವೆ. ಎಣಿಕೆಯ ಪಾತ್ರೆ 32 ಬಿಟ್‌ಗಳದಾಗಿದ್ದರೆ, 2,14,74,83,647 ಸೆಕೆಂಡುಗಳಿಗೆ ಅದು ತುಂಬುತ್ತದೆ. ಅದು 2038ರ ಜನವರಿ 19, ಮಂಗಳವಾರ. ಭಾರತದ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್. ಮುಂದಿನ ಸೆಕೆಂಡಿಗೆ, ತಿದ್ದದೆ ಉಳಿದ ಯಂತ್ರಗಳು 1901ರ ಡಿಸೆಂಬರಿಗೆ ಜಾರಬಹುದು. ಹೊಸ ವ್ಯವಸ್ಥೆಗಳಲ್ಲಿ 64 ಬಿಟ್‌ಗಳ ಪಾತ್ರೆ ಬಂದಿದೆ. ಹಳೆಯವನ್ನು ಹುಡುಕಿ ಸರಿಪಡಿಸುವ ಕೆಲಸ ಇನ್ನೂ ಇದೆ. ಇಂದು ಹೈಸ್ಕೂಲಿನಲ್ಲಿರುವವರು ಆ ಹೊತ್ತಿಗೆ ಕೆಲಸದ ಮೇಜಿನ ಮುಂದೆ ಇರುತ್ತಾರೆ. ಅಧಿಕವರ್ಷಗಳನ್ನು ಮರೆಯದೆ, ದಿನಕ್ಕೆ 86,400 ಸೆಕೆಂಡುಗಳಂತೆ, ಮೇಲಿನ ದಿನಾಂಕ ಸರಿಯೇ ಎಂದು ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ ನೋಡಿ.